ಸಹಾಯ ಬೇಕು: ಮಗಳ ಖಿನ್ನತೆಗೆ ಮನೆಯವರೂ ಕೌನ್ಸೆಲಿಂಗ್‌ಗೆ ಬರಬೇಕಂತೆ, ಇವರು ಒಪ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವಿರೋದು ಮುಂಬೈಯ ಮುಲುಂಡ್‌ನಲ್ಲಿ, ಊರು ಉಡುಪಿ ಕಡೆ. ಮಗಳಿಗೆ 15 ವರ್ಷ. ಮಳೆಗಾಲದಿಂದೀಚೆ ಊಟ ಅರ್ಧಕ್ಕೇ ಬಿಡ್ತಾಳೆ, ರಾತ್ರಿ ನಿದ್ದೆ ಇಲ್ಲ, ಮಾತಾಡಿಸಿದರೆ ಸಿಡುಕು. ಎಲ್ಲರೂ ಹಟ ಅಂದರು. ಡಾಕ್ಟರು ಮಾತ್ರ ಇದು ಖಿನ್ನತೆ, ಈ ವಯಸ್ಸಿನಲ್ಲಿ ಅಳುವಿನ ಬದಲು ಸಿಡುಕಾಗಿಯೂ ಕಾಣಿಸಿಕೊಳ್ಳುತ್ತೆ ಅಂದರು.

ಇವರಿಗೂ ಮೈದುನನಿಗೂ ಹೋಟೆಲ್ ಪಾಲಿನ ಜಗಳ. ನಮ್ಮದು ಒಂದೇ ಬೆಡ್‌ರೂಮಿನ ಮನೆ. ಪರದೆಯಾಚೆ ಅವಳು ಓದ್ತಿರ್ತಾಳೆ, ಈಚೆ ಫೋನಿನಲ್ಲಿ ಇವರ ಕೂಗಾಟ. ದನಿ ಏರಿದ ಕೂಡಲೇ ಅಂಗಿಯ ತೋಳನ್ನು ಬೆರಳಿಗೆ ಸುತ್ತಿಕೊಳ್ಳೋಕೆ ಶುರು ಮಾಡ್ತಾಳೆ. ಫೋನ್ ಇಟ್ಟ ಮೇಲೆ ಅದೇ ಸಿಟ್ಟು ಮಾರ್ಕ್ಸ್ ನೆಪದಲ್ಲಿ ಅವಳ ಮೇಲೆ ತಿರುಗುತ್ತೆ. ನೋಡೋಕಾಗಲ್ಲ.

ಶಾಲೆಯ ಕೌನ್ಸೆಲರ್ ಹತ್ತಿರ ಮಾತಾಡಿದ್ದಾಯ್ತು. 14416, ಅಂದ್ರೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಗೂ ಫೋನ್ ಮಾಡಿದೆ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದರು, ತುಂಬಾ ಧೈರ್ಯ ಬಂತು. ಡಾಕ್ಟರು ಈಗ ಅಪ್ಪ, ಅಜ್ಜಿಯನ್ನೂ ಕರೆದುಕೊಂಡು ಬನ್ನಿ, ಮನೆಯ ವಾತಾವರಣ ಬದಲಾಗದೆ ಅವಳೊಬ್ಬಳಿಗೇ ಹೇಳಿ ಪ್ರಯೋಜನ ಕಡಿಮೆ ಅಂತಾರೆ. ಇವರು "ಹುಷಾರಿಲ್ಲದ್ದು ಅವಳಿಗೆ, ನಾನ್ಯಾಕೆ?" ಅಂತಾರೆ. ಅತ್ತೆಗೆ ನಾಲ್ಕು ಜನರ ಬಾಯಿಗೆ ಬೀಳ್ತೀವಿ ಅನ್ನೋ ಭಯ, ಕನ್ನಡ, ತುಳು ಬಿಟ್ಟು ಬೇರೆ ಭಾಷೆಯೂ ಬರಲ್ಲ.

ಇವರು ಒಪ್ಪೋವರೆಗೆ ನಾನೂ ಮಗಳೂ ಇಬ್ಬರೇ ಸೆಷನ್‌ಗೆ ಹೋಗ್ತಾ ಇದ್ದರೆ ಅವಳಿಗೆ ಗುಣ ಕಾಣುತ್ತಾ? ಮೊದಲು ಒಪ್ಪದ ಗಂಡಸರನ್ನು ನೀವು ಹೇಗೆ ಒಪ್ಪಿಸಿದಿರಿ? ಥಾಣೆಯಿಂದ ಸಯನ್‌ವರೆಗೆ ಕನ್ನಡ ಬಲ್ಲ ಫ್ಯಾಮಿಲಿ ಕೌನ್ಸೆಲರ್ ಯಾರಾದರೂ ಇದ್ದಾರಾ?