ವಾರದ ಚೀಟಿ, ಬೆತ್ತವಿಲ್ಲದ ತರಗತಿ: ನಿಮ್ಮ ಶಾಲೆಯಲ್ಲಿ ಹೇಗೆ ನಡೆಸ್ತೀರಿ?

ಪ್ರಭಾರಿ ಮುಖ್ಯ ಶಿಕ್ಷಕಿ, ಹಾಸನ ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ಈ ವರ್ಷ ನಮ್ಮ ಹಿರಿಯ ಪ್ರಾಥಮಿಕ ಶಾಲೆಯ ಪ್ರಭಾರ ನನ್ನ ಹೆಗಲಿಗೆ ಬಿದ್ದಿದೆ. ಒಂದರಿಂದ ಏಳನೇ ತರಗತಿ, ಐವರು ಕಾಯಂ ಶಿಕ್ಷಕರು, ಇಬ್ಬರು ಅತಿಥಿ ಶಿಕ್ಷಕರು. ಶಾಲೆಯ ವಾಟ್ಸ್‌ಆ್ಯಪ್ ಗ್ರೂಪ್ ತೆರೆದರೆ ಬರೀ ಪಿಡಿಎಫ್. "ಮೇಡಂ, ನಾನು ನೋಡಿರ್ಲಿಲ್ಲ" ಅನ್ನೋದು ದಿನನಿತ್ಯದ ಮಾತು. ಅದರ ಬದಲು ಶಿಕ್ಷಕರಿಗೆಲ್ಲ ವಾರಕ್ಕೊಂದು ಸೂಚನೆ ಚೀಟಿ ಕೊಡೋಣ ಅಂತ ಯೋಚನೆ. ಇನ್ನೊಂದು ತಲೆನೋವು ಶಿಸ್ತಿನದು. ಒಬ್ಬರು ಬೆತ್ತ ಮುಟ್ಟೋದೇ ಇಲ್ಲ, ಪಕ್ಕದ ಕೊಠಡಿಯವರು ಮೇಜಿನ ಮೇಲೇ ಇಟ್ಟಿರ್ತಾರೆ. ಪೋಷಕರೂ "ಎರಡು ಬಿಡಿ ಮೇಡಂ, ಬುದ್ಧಿ ಬರ್ಲಿ" ಅಂತಾರೆ. ಚೀಟಿಯಲ್ಲಿ ಏನೇನು ಬರೀತೀರಿ? ಸಿಬ್ಬಂದಿಯನ್ನೆಲ್ಲ ಒಂದು ದಾರಿಗೆ ತರೋದು ಹೇಗೆ? ದಯವಿಟ್ಟು ಭಾಷಣ ಬೇಡ, ಮಾಡಿ ನೋಡಿದ್ದನ್ನು ಹೇಳಿ.

ನಿವೃತ್ತ ಮುಖ್ಯ ಶಿಕ್ಷಕ, ತುಮಕೂರು ಜಿಲ್ಲೆ:

ಮೇಡಂ, ನೀವು ಎರಡು ಪ್ರಶ್ನೆ ಅಂದುಕೊಂಡಿದ್ದೀರಿ. ನನಗೆ ಒಂದೇ ಅನ್ನಿಸುತ್ತೆ. ಮಕ್ಕಳ ವಿಷಯ ವಾರಕ್ಕೊಮ್ಮೆಯಾದರೂ ಎಲ್ಲ ಶಿಕ್ಷಕರ ಮಧ್ಯೆ ಮಾತಿಗೆ ಬರದಿದ್ದರೆ ಕೊಠಡಿಗೊಂದು ಕಾನೂನು ಹುಟ್ಟಿಕೊಳ್ಳುತ್ತೆ. ಯಾವ ಕೊಠಡಿಯಲ್ಲಿ ಏನು ನಡೆಯುತ್ತೆ ಅನ್ನೋದು ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತಾಗಿರುತ್ತೆ.

ಶನಿವಾರ ಬೆಳಗಿನ ಶಾಲೆ ಇರುತ್ತಲ್ಲ, ಮಕ್ಕಳು ಮನೆಗೆ ಹೋದ ಮೇಲೆ ಕೂತ್ಕೊಳ್ಳಿ. ಚೀಟಿ ಒಂದು ಪುಟ ದಾಟಬಾರದು, ಕೈಬರಹವಾದರೆ ಇನ್ನೂ ಒಳ್ಳೇದು. ನಾನು ಬರೀತಿದ್ದದ್ದು ಹೀಗಿರ್ತಿತ್ತು (ಹೊರಗಿನವರಿಗೆ: ಎಫ್ಎ-2 ಅಂದರೆ ಎರಡನೇ ರೂಪಣಾತ್ಮಕ ಮೌಲ್ಯಮಾಪನ, ಎಸ್ಎಟಿಎಸ್ ಅಂದರೆ ಮಕ್ಕಳ ವಿವರ ತುಂಬೋ ಸರ್ಕಾರಿ ಜಾಲತಾಣ, ಓಓಡಿ ಅಂದರೆ ಶಾಲೆಯ ಹೊರಗಿನ ಕರ್ತವ್ಯ, ಪ್ರತಿಭಾ ಕಾರಂಜಿ ಅಂದರೆ ಶಾಲಾ ಮಕ್ಕಳ ಸ್ಪರ್ಧೆ):

"ಸೋಮವಾರ: ಎಫ್ಎ-2 ಅಂಕ ಎಸ್ಎಟಿಎಸ್‌ಗೆ ಏರಿಸಲು ಕೊನೆಯ ದಿನ, 4 ಮತ್ತು 6ನೇ ತರಗತಿ ಬಾಕಿ. ಬುಧವಾರ: ಗಣಿತದ ಮೇಡಂ ತರಬೇತಿಗೆ ಓಓಡಿ, 5ನೇ ತರಗತಿ ಹಿಂದಿ ಮೇಷ್ಟ್ರಿಗೆ. ಶುಕ್ರವಾರ: ಪ್ರತಿಭಾ ಕಾರಂಜಿ, ಮಕ್ಕಳ ಜೊತೆ ಇಬ್ಬರು ಹೋಗುವುದು. ಈ ವಾರ ಎಲ್ಲರೂ: ಬಿಸಿಯೂಟದ ಸಾಲಿನಲ್ಲಿ ನೂಕಿದ ಮಗುವಿಗೆ ಬೈಯುವುದಿಲ್ಲ, ಕೊನೆಗೆ ಕಳಿಸುವುದಿಲ್ಲ. ಪಕ್ಕಕ್ಕೆ ಕರೆದು 'ಸಾಲಲ್ಲಿ ಹೇಗೆ ಬರ್ಬೇಕು, ತೋರ್ಸು' ಎಂದು ಹೇಳಿ, ತೋರಿಸಿದ ಮೇಲೆ ಅದೇ ಜಾಗಕ್ಕೆ ಬಿಡುವುದು."

ಚೀಟಿಯ ಜೀವ ಇರೋದು ಆ ಕೊನೆಯ ಸಾಲಿನಲ್ಲಿ. ಮೇಲಿನದ್ದೆಲ್ಲ ಯಾರು ಬೇಕಾದರೂ ಬರೀತಾರೆ. ವಾರಕ್ಕೆ ಒಂದೇ ಸಂಗತಿ, ಎಲ್ಲರ ಬಾಯಲ್ಲೂ ಅದೇ ಮಾತು. ಅಡುಗೆಯವರಿಗೂ ಹೇಳಿರಬೇಕು, ಏಕೆಂದರೆ ಸೌಟು ಹಿಡಿದು ಗದರೋದು ಅವರೇ. ಮುಂದಿನ ಶನಿವಾರ ಮೊದಲು ಕೇಳೋದೂ ಅದನ್ನೇ: ನಡೀತಾ, ಎಲ್ಲಿ ಕೆಟ್ಟಿತು? ಅದು ಕೂತ ಮೇಲೆ ಮತ್ತೊಂದು. ಮಗುವಿನ ಹೆಸರನ್ನು ಚೀಟಿಯಲ್ಲಾಗಲಿ ಗ್ರೂಪಲ್ಲಾಗಲಿ ಯಾವತ್ತೂ ಹಾಕಬೇಡಿ. ಯಾರೋ ಒಬ್ಬರು ಫಾರ್ವರ್ಡ್ ಮಾಡ್ತಾರೆ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತೆ.

(ಓಓಡಿ ಅಂದಾಗ ನೆನಪಾಯ್ತು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಕರಿಗೆ ಬೇರೆ ಕೆಲಸ ಹಚ್ಚಬಾರದು ಅಂತ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯ 27ನೇ ಕಲಂ ಹೇಳುತ್ತೆ. ಆ ಮೂರರ ಹೆಸರಲ್ಲೇ ಎಷ್ಟು ದಿನ ಹೋಗುತ್ತೆ ಅನ್ನೋದು ನಿಮಗೆಲ್ಲ ಗೊತ್ತು.)

ನಲಿಕಲಿ ಶಿಕ್ಷಕಿ, ಧಾರವಾಡ ಜಿಲ್ಲೆ:

ನಮ್ಮ ಸಾಲಿದು ಹೇಳ್ತೀನ್ರಿ. ನಲಿಕಲಿ, ಅಂದ್ರ ಚಟುವಟಿಕಿ ಮಾಡ್ಕೋತ ಕಲಿಯೂ ಕೋಣ್ಯಾಗ ಗದ್ದಲ ಇರೂದ. ಒಂದರಿಂದ ಮೂರನೇತ್ತಾ ಕೂಡೇ ಕುಂತಿರ್ತಾರ, ಒಂದ ತಟ್ಟಿಯವ್ರು (ಗುಂಪಿನವ್ರು) ನನ್ನ ಕೂಡ, ಇನ್ನೊಂದ ತಟ್ಟಿಯವ್ರು ತಾವ ಕಾರ್ಡ್ ತಗೊಂಡ ಮಾಡ್ಕೋತ ಇರ್ತಾರ. ಮಗ್ಗಲ ಕೋಣಿಯವ್ರು "ನಿಮ್ಮ ಹುಡುಗ್ರಿಗೆ ಶಿಸ್ತ ಇಲ್ಲ" ಅಂದ್ರ, ಒಳಗ ಬಂದು ಚೂರು ಕುಂದರ್ರಿ ಅಂತೀನಿ. ಕೆಲಸದ ಗದ್ದಲ ಬ್ಯಾರೆ, ಕೆಲಸ ಇಲ್ಲದ ಗದ್ದಲ ಬ್ಯಾರೆ. ಇದನ್ನ ಶನಿವಾರ ಮೀಟಿಂಗಿನ್ಯಾಗ ಒಮ್ಮೆ ಬಿಡಿಸಿ ಮಾತಾಡ್ರಿ, ಅರ್ಧ ಜಗಳ ಅಲ್ಲೇ ಮುಗೀತೈತಿ.

ಒಬ್ಬ ಹುಡುಗ ಮುಂಜಾನೆ ಬಂದಕೂಡ್ಲೆ ಮಂದಿ ಕಾರ್ಡ್ ಕಸಗೋತಿದ್ದ, ಹೊಡದಾಡ್ತಿದ್ದ. ಹಾಲು ಕುಡುದ ಮ್ಯಾಲ ತಣ್ಣಗ. ಮೀಟಿಂಗಿನ್ಯಾಗ ಹೇಳಿದಾಗ ಐದನೇತ್ತಾ ಸರ್ ಅಂದ್ರು, ಅವನ ಅಕ್ಕ ತಮ್ಮ ಕ್ಲಾಸಿನ್ಯಾಗ ಅದಾಳ, ಅವ್ವ ನಸುಕಿನ್ಯಾಗ ಕಳೆ ತಗ್ಯಾಕ ಹೋಗ್ತಾಳ, ಇಬ್ರೂ ಹಸಗೊಂಡ ಬರ್ತಾರ ಅಂತ. ನನಗ ಇದು ಗೊತ್ತಿರಲಿಲ್ಲ, ಅವ್ರಿಗೆ ಗೊತ್ತಿತ್ತು. ಈಗ ಪ್ರಾರ್ಥನಾ ಮುಗದಕೂಡ್ಲೆ ಹಾಲು, ಆಮ್ಯಾಲ ಪಾಠ. ಕಾರ್ಡ್ ಕಸಗೊಳ್ಳೂದು ಪೂರ್ತಿ ನಿಂತಿಲ್ಲ ಬಿಡ್ರಿ, ಆದ್ರ ಭಾಳ ಕಡಿಮಿ ಆಗೈತಿ.

ಇನ್ನೊಂದು, ಸುಮ್ಮನಿರಸೂ ಸಂಜ್ಞಾ ಇಡೀ ಸಾಲಿಗೆ ಒಂದ ಇರಲಿ. ನಾವು ಎರಡ ಚಪ್ಪಾಳಿ ಹೊಡದ್ರ ಹುಡುಗ್ರು ಮೂರು ಹೊಡದು ಕೈ ಕಟ್ಕೋತಾರ. ಯಾರ ತರಗತಿಗೆ ಯಾರ ಹೋದ್ರೂ ನಡೀತೈತಿ, ಗಂಟಲಾನೂ ಉಳೀತೈತಿ.

ದೈಹಿಕ ಶಿಕ್ಷಣ ಶಿಕ್ಷಕ, ದಕ್ಷಿಣ ಕನ್ನಡ:

ಬೆತ್ತ ಬಿಟ್ಟೆವು ಅಂತ ಹೇಳುವವರಲ್ಲಿ ಸುಮಾರು ಜನ ಬಸ್ಕಿ ಹೊಡೆಸ್ತಾರೆ, ಬಿಸಿಲಿಗೆ ನಿಲ್ಲಿಸ್ತಾರೆ, ಮೈದಾನ ಸುತ್ತು ಹಾಕಿಸ್ತಾರೆ. ಅದೂ ಪೆಟ್ಟೇ ಮಾರಾಯ್ರೆ. ಆರ್‌ಟಿಇ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೇ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಮೀರಿದವರ ಮೇಲೆ ಸೇವಾ ನಿಯಮದ ಪ್ರಕಾರ ಶಿಸ್ತುಕ್ರಮ ಅಂತಲೂ ಬರೆದಿದೆ. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. "ಹೊಸ ಕಾನೂನು" ಅಂತ ಈಗಲೂ ಹೇಳುವವರಿದ್ದಾರೆ!

ನನ್ನ ದೊಡ್ಡ ತಕರಾರು: ಗಣಿತದ ಹೋಂವರ್ಕ್ ಮಾಡದಿದ್ದರೆ ಆಟದ ಪೀರಿಯಡ್ ಕಟ್. ಇಡೀ ಶಾಲೆಯಲ್ಲಿ ಓಡಾಟದ ಅಗತ್ಯ ಜಾಸ್ತಿ ಇರುವುದೇ ಆ ಮಕ್ಕಳಿಗೆ. ಅವರನ್ನು ಕೂರಿಸಿಟ್ಟು ಮುಂದಿನ ಪೀರಿಯಡಿನವರ ತಲೆಗೆ ಕಟ್ಟಿದ ಹಾಗೆ ಆಗ್ತದೆ. "ಆಟದ ಅವಧಿಯನ್ನು ಯಾರೂ ಶಿಕ್ಷೆಗೆ ಬಳಸುವುದಿಲ್ಲ" ಅಂತ ಒಂದು ವಾರದ ಚೀಟಿಯಲ್ಲಿ ಹಾಕಿ ನೋಡಿ.

ಒಳ್ಳೆಯ ನಡತೆಗೆ ಗೋಡೆಯ ಪಟ್ಟಿಯಲ್ಲಿ ನಕ್ಷತ್ರ ಅಂಟಿಸುವ ಸ್ಟಾರ್ ಚಾರ್ಟ್ ಬಗ್ಗೆಯೂ ನನಗೆ ಅಷ್ಟು ಒಲವಿಲ್ಲ. ಹೋಗ್ತಾ ಹೋಗ್ತಾ ಅದೇ ನಾಲ್ಕು ಮಕ್ಕಳ ಮುಂದೆ ನಕ್ಷತ್ರ ತುಂಬ್ತದೆ, ಉಳಿದವರು ಆ ಗೋಡೆಯತ್ತ ನೋಡುವುದನ್ನೇ ಬಿಡ್ತಾರೆ. ಅದಕ್ಕಿಂತ ಮಗು ಮಾಡಿದ್ದನ್ನು ಹೆಸರಿಟ್ಟು ಹೇಳಿದರೆ ಸಾಕು. "ಗುಡ್ ಬಾಯ್" ಅಂದರೆ ಗಾಳಿಗೆ ಹೋಯಿತು. "ಔಟಾದದ್ದನ್ನು ನೀನೇ ಒಪ್ಪಿಕೊಂಡೆಯಲ್ಲ, ನಾನು ನೋಡಿದೆ" ಅಂದರೆ ಹುಡುಗ ಮನೆಯವರೆಗೂ ಅದನ್ನು ಹೊತ್ತುಕೊಂಡು ಹೋಗ್ತಾನೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ, ಚಿತ್ರದುರ್ಗ ಜಿಲ್ಲೆ:

ನಾನು ಟೀಚರ್ ಅಲ್ಲ, ಇಬ್ಬರು ಮಕ್ಕಳ ತಾಯಿ. "ಎರಡು ಬಿಡಿ" ಅನ್ನೋ ಮಾತಿಗೆ ಬರ್ತೀನಿ. ಸ್ಕೂಲಿಗೆ ಕರೆಸಿ ನಾಲ್ಕು ಜನರ ಎದುರಿಗೆ ಮಗನ ಮೇಲೆ ದೂರು ಹೇಳಿದರೆ ತಾಯಿ ಇನ್ನೇನು ಹೇಳಬೇಕು? ನಾವು ಮಗನ ಪರ ಅಲ್ಲ, ನಿಮ್ಮ ಪರ ಅಂತ ತೋರಿಸಿಕೊಳ್ಳೋಕೆ ಹಾಗಂತೀವಿ. ನಿಜವಾಗಿ ಹೊಡೆದರೆ ರಾತ್ರಿ ನಿದ್ದೆ ಬರಲ್ಲ.

ಸ್ಕೂಲಿಂದ ಫೋನ್ ಬಂದರೆ ಎದೆ ಧಸಕ್ಕನ್ನುತ್ತೆ, ಯಾಕಂದ್ರೆ ಬರೋದೆಲ್ಲ ದೂರೇ. ಒಂದ್ಸಲ ನಮ್ಮ ಚಿಕ್ಕವನ ಮೇಡಂ ಫೋನ್ ಮಾಡಿ, ಹೊಸದಾಗಿ ಸೇರಿದ ಹುಡುಗಿಗೆ ನಿಮ್ಮವನು ನಲ್ಲಿ ಎಲ್ಲಿದೆ, ಶೌಚಾಲಯ ಎಲ್ಲಿದೆ ಎಲ್ಲ ತೋರಿಸಿದ ಅಂದರು. ಅಷ್ಟೇ ಮಾತು. ಆಮೇಲೆ ಅವರು ದೂರು ಹೇಳಿದಾಗಲೂ ನಾವು ಕಿವಿಗೊಟ್ಟು ಕೇಳಿದ್ವಿ. ನಿಮ್ಮ ಚೀಟಿಯಲ್ಲಿ ಅದಕ್ಕೂ ಒಂದು ಸಾಲು ಇಡಿ ಮೇಡಂ.

ಅತಿಥಿ ಶಿಕ್ಷಕಿ, ಕೋಲಾರ ಜಿಲ್ಲೆ:

ಒಂದೇ ವಿನಂತಿ. ಆ ಚೀಟಿ ನಮಗೂ ಕೊಡಿ, ಮೀಟಿಂಗಿಗೆ ನಮ್ಮನ್ನೂ ಕೂರಿಸಿ. ಯಾರಾದರೂ ರಜೆ ಹಾಕಿದರೆ ಆ ತರಗತಿಗೆ ಹೋಗೋದು ನಾವೇ. ಅಲ್ಲಿ ಏನು ಒಪ್ಪಂದ ಆಗಿದೆ ಅಂತ ನಮಗೆ ಮಕ್ಕಳೇ ಹೇಳಬೇಕಾಗುತ್ತೆ.

ಪ್ರಭಾರಿ ಮುಖ್ಯ ಶಿಕ್ಷಕಿ, ಹಾಸನ ಜಿಲ್ಲೆ:

ಎಲ್ಲರಿಗೂ ಧನ್ಯವಾದ. ಚಪ್ಪಾಳೆ ಸಂಜ್ಞೆಯಿಂದಲೇ ಶುರು ಮಾಡ್ತೀನಿ, ಅಡುಗೆಯವರನ್ನೂ ಕರೀತೀನಿ. ಆದರೆ ಬೆತ್ತ ಇಟ್ಟುಕೊಂಡಿರೋರು ನನಗಿಂತ ಹತ್ತು ವರ್ಷ ಸೀನಿಯರ್. ಅವರಿಗೆ ಹೇಗೆ ಹೇಳಲಿ?

ನಿವೃತ್ತ ಮುಖ್ಯ ಶಿಕ್ಷಕ, ತುಮಕೂರು ಜಿಲ್ಲೆ:

ಮೀಟಿಂಗಲ್ಲಿ ಬೇಡ, ಚೀಟಿಯಲ್ಲಂತೂ ಬೇಡವೇ ಬೇಡ. ಒಬ್ಬರೇ ಇದ್ದಾಗ ಹೋಗಿ, "ಸರ್" ಅಂತಲೇ ಶುರು ಮಾಡಿ, ಆದರೆ ವಿಷಯ ನೇರವಾಗಿ ಹೇಳಿ. ಹೊಡೆಯೋದು ಇವತ್ತೇ ನಿಲ್ಲಬೇಕು. ಅದಕ್ಕೆ ಗಡುವು ಕೊಡೋ ಅಧಿಕಾರ ನಿಮಗೂ ಇಲ್ಲ. ಮತ್ತೆ ಆದರೆ ಲಿಖಿತದಲ್ಲಿ ಕೇಳಿ, ಮುಚ್ಚಿಡೋಕೆ ಹೋಗಬೇಡಿ. ಆಮೇಲೆ, ಯಾವ ಪೀರಿಯಡ್ ಕೈಗೆ ಸಿಗಲ್ಲ ಅಂತ ಅವರನ್ನೇ ಕೇಳಿ. ಬಹುತೇಕ ಊಟ ಆದ ಮೇಲಿನದ್ದೇ ಆಗಿರುತ್ತೆ. ಆ ಹೊತ್ತಿಗೆ ಚಟುವಟಿಕೆ ಇರೋ ಪಾಠ ಹಾಕಿ, ಅವರ ಪಾಠವನ್ನು ಬೆಳಗ್ಗೆಗೆ ತನ್ನಿ. ವೇಳಾಪಟ್ಟಿ ನಿಮ್ಮ ಕೈಯಲ್ಲೇ ಇದೆಯಲ್ಲ.