ಕಾಲಿನ ‘ನರ’ ಕೆಂಪಾಗಿ ಹಗ್ಗದಂತೆ ಗಟ್ಟಿಯಾಗಿದೆ, ಅನುಭವವಿದ್ದವರು ಹೇಳಿ

ಕೇಳಿದವರು: ಶಿರಸಿ ಕಡೆಯ ಶಿಕ್ಷಕಿ, 52 ವರ್ಷ

ಇಪ್ಪತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತು ಸಂಪಾದಿಸಿದ್ದರಲ್ಲಿ ವೆರಿಕೋಸ್ ವೇನ್ಸ್ ಕೂಡ ಒಂದು. ಎರಡೂ ಕಾಲಿನಲ್ಲಿ ರಕ್ತನಾಳಗಳು ಉಬ್ಬಿವೆ; ಇಷ್ಟು ದಿನ ಅವುಗಳ ಪಾಡಿಗೆ ಅವು ಇದ್ದವು. ನಾಲ್ಕು ದಿನಗಳಿಂದ ಎಡಗಾಲಿನ ಒಳಬದಿಯಲ್ಲಿ, ಮೊಣಕಾಲಿನ ಕೆಳಗೆ, ಒಂದು ಗೇಣು ಉದ್ದಕ್ಕೆ ಚರ್ಮ ಕೆಂಪಾಗಿದೆ. ಮುಟ್ಟಿದರೆ ಬಿಸಿ. ಒಳಗೆ ಹುರಿಹಗ್ಗ ಇಟ್ಟಂತೆ ಗಟ್ಟಿ. ಸೀರೆಯ ಅಂಚು ತಾಗಿದರೂ ನೋವು. ಜ್ವರವಿಲ್ಲ, ಪಾದ ಊದಿಲ್ಲ. ಅತ್ತೆ ಬಿಸಿ ಎಣ್ಣೆ ಹಚ್ಚಿ ನೀವಬೇಕು ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ‘ನರದ ಡಾಕ್ಟರರ’ ಬಳಿ ಹೋಗಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಹುಬ್ಬಳ್ಳಿ, ನಿವೃತ್ತ ಬಸ್ ನಿರ್ವಾಹಕ

ಇಬ್ಬರ ಮಾತನ್ನೂ ಕೇಳಬೇಡಿ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತ ಕಾಲು ನನ್ನದು, ಇದೇ ಕಥೆ. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಪ್ಯಾಂಟು ಮೇಲೆತ್ತಿ ಸರಿಯಾಗಿ ನೋಡಲೂ ಇಲ್ಲ, ‘ಸೋಂಕು’ ಎಂದು ಐದು ದಿನದ ಆಂಟಿಬಯಾಟಿಕ್ ಬರೆದರು. ಮೂರನೆಯ ರಾತ್ರಿ ನನಗೇ ಅನುಮಾನ ಬಂದು, ಗಟ್ಟಿ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ ಬಾಲ್‌ಪೆನ್ನಿನಿಂದ ಗುರುತು ಹಾಕಿದೆ. ಬೆಳಿಗ್ಗೆ ನೋಡಿದರೆ ಗೆರೆ ಆ ಗುರುತಿನಿಂದ ಎರಡು ಬೆರಳು ಮೇಲೆ ಹತ್ತಿತ್ತು. ಅಂದೇ ಶಸ್ತ್ರಚಿಕಿತ್ಸಕರ ಬಳಿ ಓಡಿದೆ. ಅವರು ಮಾತ್ರೆ ಬರೆಯುವ ಮೊದಲು, ನಾಳದೊಳಗಿನ ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನಿಗೆ ಕಳಿಸಿದರು.

ಅವರು ಕಾಗದದ ಮೇಲೆ ಬರೆದು ತೋರಿಸಿದ್ದು ಇಷ್ಟು. ಪಾದದ ಗಿಣ್ಣಿನ ಒಳಬದಿಯಿಂದ ತೊಡೆಸಂದಿಯವರೆಗೆ ಚರ್ಮದ ಕೆಳಗೇ ಒಂದು ಉದ್ದನೆಯ ರಕ್ತನಾಳ ಹೋಗುತ್ತದೆ. ತೊಡೆಸಂದಿಯಲ್ಲಿ ಅದು ಆಳದ ದೊಡ್ಡ ರಕ್ತನಾಳಕ್ಕೆ ಸೇರುತ್ತದೆ. ಮೇಲ್ಪದರದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಉರಿಯೂತವಾದರೆ ನೋವು ಹೆಚ್ಚು, ಅಪಾಯ ಕಡಿಮೆ. ಆದರೆ ಆ ಹೆಪ್ಪು ಬೆಳೆದು ಆಳದ ನಾಳಕ್ಕೆ ಇಳಿದರೆ ಲೆಕ್ಕವೇ ಬೇರೆ, ಅಲ್ಲಿಂದ ಚೂರು ಹರಿದು ಶ್ವಾಸಕೋಶಕ್ಕೆ ಹೋಗಬಹುದು. ಹೆಪ್ಪಿನ ತುದಿ ಆ ಕೂಡುಜಾಗದಿಂದ 3 ಸೆಂಟಿಮೀಟರ್ ಒಳಗಿದ್ದರೆ ಆಳದ ಹೆಪ್ಪಿಗೆ ಕೊಡುವ ಪೂರ್ಣ ಚಿಕಿತ್ಸೆಯನ್ನೇ ಕೊಡುತ್ತಾರೆ. ನನ್ನದು ಅದಕ್ಕಿಂತ ಕೆಳಗಿತ್ತು, ಆದರೆ ಉದ್ದ 5 ಸೆಂಟಿಮೀಟರಿಗಿಂತ ಹೆಚ್ಚು. ಹಾಗಾಗಿ ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ ಫೋಂಡಾಪ್ಯಾರಿನಕ್ಸ್ ಎಂಬ, ರಕ್ತ ತಿಳಿ ಮಾಡುವ ಇಂಜೆಕ್ಷನ್ ಬರೆದರು: ದಿನಕ್ಕೆ 2.5 ಮಿಲಿಗ್ರಾಂ, 45 ದಿನ.

ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದು ನಾನೇ ಚುಚ್ಚಿಕೊಳ್ಳುತ್ತಿದ್ದೆ. ಸಿರಿಂಜಿನಲ್ಲಿ ಒಂದು ಗಾಳಿಗುಳ್ಳೆ ಇರುತ್ತದೆ. ಸಿನಿಮಾದಲ್ಲಿ ನೋಡಿದಂತೆ ಅದನ್ನು ಹೊರದೂಡಲು ಹೋದೆ, ಮಗಳು ಕೈ ಹಿಡಿದಳು. ಆ ಗುಳ್ಳೆಯನ್ನು ತೆಗೆಯಬಾರದಂತೆ. ತೆಗೆಯಲು ಹೋದರೆ ಔಷಧವೂ ಚೆಲ್ಲಿ ಹೋಗಬಹುದು.

ಮೈಸೂರು, ರಕ್ತನಾಳ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಶುಶ್ರೂಷಕಿ

ಕನ್ನಡದಲ್ಲಿ ನಾವು ರಕ್ತನಾಳಕ್ಕೂ ‘ನರ’ ಎನ್ನುತ್ತೇವೆ, ಮಿದುಳಿನಿಂದ ಬರುವ ನಿಜವಾದ ನರಕ್ಕೂ ‘ನರ’ ಎನ್ನುತ್ತೇವೆ. ಈ ಒಂದು ಪದದಿಂದಾಗಿ ನರರೋಗ ತಜ್ಞರ ಬಾಗಿಲಲ್ಲಿ ಅರ್ಧ ದಿನ ಕಾದು ನಮ್ಮಲ್ಲಿಗೆ ಬಂದವರನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ. ನೀವು ತೋರಿಸಬೇಕಾದದ್ದು ಜನರಲ್ ಸರ್ಜನ್ ಅಥವಾ ವ್ಯಾಸ್ಕ್ಯುಲರ್ (ರಕ್ತನಾಳದ) ಸರ್ಜನ್ ಅವರಿಗೆ, ಇಂದೋ ನಾಳೆಯೋ.

ಪಾದ ಊದಿಲ್ಲ ಎಂದು ಸುಮ್ಮನಿರಬೇಡಿ. ಫ್ರಾನ್ಸಿನಲ್ಲಿ ತಜ್ಞರ ಬಳಿ ಬಂದ 844 ರೋಗಿಗಳನ್ನು ಪರೀಕ್ಷಿಸಿದಾಗ, ಮೇಲ್ನೋಟಕ್ಕೆ ಇದೇ ತೊಂದರೆ ಇದ್ದ ನಾಲ್ವರಲ್ಲಿ ಒಬ್ಬರಿಗೆ ಆಗಲೇ ಆಳದ ನಾಳದಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಇತ್ತು. ಕಾಲಿನಲ್ಲಿ ಕಣ್ಣಿಗೆ ಕಾಣದ್ದನ್ನು ಡಾಪ್ಲರ್ ಹೇಳುತ್ತದೆ. ಇಂಜೆಕ್ಷನ್ ದುಬಾರಿ ಎಂದು ಹತ್ತು ದಿನಕ್ಕೆ ನಿಲ್ಲಿಸುವವರಿಗೆ ಇನ್ನೊಂದು ಲೆಕ್ಕ: 2010ರಲ್ಲಿ ಪ್ರಕಟವಾದ, ಮೂರು ಸಾವಿರ ಜನರ ಪ್ರಯೋಗದಲ್ಲಿ ಹೆಪ್ಪು ಹರಡುವುದು, ಮರುಕಳಿಸುವುದು ಮುಂತಾದ ತೊಡಕುಗಳು ಔಷಧವಿಲ್ಲದ ಇಂಜೆಕ್ಷನ್ ಪಡೆದವರಲ್ಲಿ ಶೇ 5.9, 45 ದಿನವೂ ಈ ಔಷಧ ಪಡೆದವರಲ್ಲಿ ಶೇ 0.9.

ಎಣ್ಣೆ ಹಚ್ಚಿ ನೀವುವುದು ಬೇಡವೇ ಬೇಡ. ಮಲಗಿಯೇ ಇರುವುದೂ ಬೇಡ. ಮನೆಯೊಳಗೆ ಓಡಾಡಿಕೊಂಡಿರಿ, ಕೂತಾಗ ಮಲಗಿದಾಗ ಕಾಲನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಎತ್ತರಕ್ಕೆ ಇಡಿ. ಹೆಪ್ಪು ಚಿಕ್ಕದಾಗಿದ್ದರೆ ನೋವಿನ ಮಾತ್ರೆ, ಹೆಪಾರಿನ್ ಮುಲಾಮು, ಬಿಗಿ ಕಾಲುಚೀಲ ಇಷ್ಟರಲ್ಲೇ ಇಳಿಯುವುದುಂಟು. ಮುಲಾಮನ್ನು ತಿಕ್ಕಬೇಡಿ, ಸವರಿದರೆ ಸಾಕು. ಸಕ್ಕರೆ ಕಾಯಿಲೆ ಇದ್ದರೆ ಕಾಲುಚೀಲ ಕೊಳ್ಳುವ ಮೊದಲು ಪಾದದ ನಾಡಿ ನೋಡಿಸಿ. ಪಾದಕ್ಕೆ ಶುದ್ಧ ರಕ್ತವೇ ಕಡಿಮೆ ಬರುತ್ತಿದ್ದರೆ ಆ ಬಿಗಿ ಹಾನಿ ಮಾಡುತ್ತದೆ. ಕಾಲು ಪೂರ್ತಿ ಊದಿದರೆ, ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ.

ತುಮಕೂರು, ಎರಡು ಮಕ್ಕಳ ತಾಯಿ

ನನಗೆ ಎರಡನೆಯ ಹೆರಿಗೆಯಾದ ಮೂರನೇ ವಾರದಲ್ಲಿ ಆಯಿತು. ಹೆರಿಗೆಯಂತೆ ಹಾರ್ಮೋನು ಮಾತ್ರೆಯೂ ಹೆಪ್ಪಿಗೆ ಕಾರಣವಾಗಬಹುದು; ಏನಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರರು ಕೇಳದಿದ್ದರೂ ನೀವಾಗಿಯೇ ಹೇಳಿ. ಕೆಂಪು ಎರಡು ವಾರದಲ್ಲಿ ಹೋಯಿತು, ಗಂಟು ಎರಡು ತಿಂಗಳು ಇತ್ತು, ಕಂದು ಕಲೆ ಮಗು ನಡೆಯಲು ಕಲಿತ ಮೇಲೂ ಇತ್ತು.

ಬಂಟ್ವಾಳ

ಶಿಕ್ಷಕಿಯವರಿಗಲ್ಲ, ಇದನ್ನು ಓದುವ ಬೀಡಿ ಸೇದುವವರಿಗೆ. ನನ್ನ ತಮ್ಮನಿಗೆ 34, ಕಾಲಿನಲ್ಲಿ ಉಬ್ಬಿದ ರಕ್ತನಾಳವೇ ಇರಲಿಲ್ಲ. ಆದರೂ ಇಂದು ಇಲ್ಲಿ, ಮುಂದಿನ ತಿಂಗಳು ಇನ್ನೊಂದು ಕಡೆ ಇಂಥದೇ ಗಂಟು. ಕೊನೆಗೆ ಬರ್ಗರ್ ಕಾಯಿಲೆ ಎಂದರು, ತಂಬಾಕಿನಿಂದ ಕೈಕಾಲಿನ ರಕ್ತನಾಳಗಳು ಉರಿದು ಮುಚ್ಚಿಕೊಳ್ಳುವ ರೋಗ. ಅದಕ್ಕೆ ಬೀಡಿ ಪೂರ್ತಿ ಬಿಡುವುದೇ ಮುಖ್ಯ ಚಿಕಿತ್ಸೆ, ಅರ್ಧ ಬಿಟ್ಟರೆ ಪ್ರಯೋಜನವಿಲ್ಲ. ಅವನು ಬಿಡುವಷ್ಟರಲ್ಲಿ ಒಂದು ಕಾಲ್ಬೆರಳು ಹೋಗಿತ್ತು.

ಸಾಗರ

ನಾನು ಜಿಗಣೆ ಬಿಡಿಸಿಕೊಂಡೆ, ನೋವು ಇಳಿಯಿತು.

ಹುಬ್ಬಳ್ಳಿ, ನಿವೃತ್ತ ನಿರ್ವಾಹಕ

ಇಳಿದಿರಬಹುದು, ಇಲ್ಲವೆನ್ನಲಾರೆ. ಆದರೆ ಹೆಪ್ಪಿನ ತುದಿ ಎಲ್ಲಿದೆ ಎಂದು ಜಿಗಣೆ ಹೇಳುವುದಿಲ್ಲವಲ್ಲ. ರಕ್ತ ತಿಳಿ ಮಾಡುವ ಇಂಜೆಕ್ಷನ್ ಶುರುವಾದ ಮೇಲೆ ಜಿಗಣೆ ಕಚ್ಚಿಸಿಕೊಂಡರೆ ರಕ್ತ ನಿಲ್ಲಿಸುವುದೇ ಒಂದು ಕೆಲಸವಾದೀತು.

ಕೇಳಿದವರು, ಒಂಬತ್ತು ದಿನಗಳ ನಂತರ

ಡಾಪ್ಲರ್ ಆಯಿತು. ನಾನು ಗೇಣು ಎಂದದ್ದು ಹೆದರಿಕೆಯ ಅಳತೆ, ಯಂತ್ರದ ಲೆಕ್ಕದಲ್ಲಿ 14 ಸೆಂಟಿಮೀಟರ್. ಆಳದ ನಾಳಗಳಲ್ಲಿ ಏನೂ ಇಲ್ಲ. ಇಂದಿಗೆ ಏಳನೆಯ ಇಂಜೆಕ್ಷನ್, ಗುಳ್ಳೆಯನ್ನು ಮುಟ್ಟಿಲ್ಲ. ಉರಿಯೂತ ಪೂರ್ತಿ ಇಳಿದ ಮೇಲೆ ಉಬ್ಬಿದ ನಾಳಕ್ಕೇ ಲೇಸರ್ ಮಾಡಿಸಿ, ಇಲ್ಲದಿದ್ದರೆ ಮತ್ತೆ ಬರಬಹುದು ಎಂದಿದ್ದಾರೆ. ಶಾಲೆಯ ಪರೀಕ್ಷೆಗಳು ಮುಗಿಯಲಿ ಎಂದಿದ್ದೇನೆ. ತರಗತಿಯಲ್ಲಿ ಈಗ ಕುರ್ಚಿಯಲ್ಲಿ ಕೂತು, ಇನ್ನೊಂದು ಕುರ್ಚಿಯ ಮೇಲೆ ಕಾಲಿಟ್ಟು ಪಾಠ ಮಾಡುತ್ತೇನೆ. ಹುಡುಗರಿಗೆ ಮೊದಲ ದಿನ ನಗು, ಈಗ ಆ ಕುರ್ಚಿಯನ್ನು ಅವರೇ ತಂದಿಡುತ್ತಾರೆ. ಅತ್ತೆ ಕಾಯಿಸಿಟ್ಟಿದ್ದ ಎಣ್ಣೆ ಅವರ ಮೊಣಕಾಲಿಗೇ ಖರ್ಚಾಯಿತು.