ಲಾಕ್ ತೆರೆದ ಕೂಡಲೇ ಗಡಿಯಾರ ಮೊನ್ನೆಗೆ ಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ – ಡೊಂಬಿವಲಿ
ಮಕ್ಕಳ ಮೊಬೈಲ್ ಇಡಲು ಮರದ ಪೆಟ್ಟಿಗೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆಯಬಾರದು. ಹಾಕಿರುವುದು: ಆರ್ಡುಯಿನೋ ನ್ಯಾನೋ (ಪ್ರೋಗ್ರಾಂ ಹಾಕುವ ಪುಟ್ಟ ಬೋರ್ಡ್), ಡಿಎಸ್3231 ಗಡಿಯಾರ ಮಾಡ್ಯೂಲ್, ಎಲ್‌ಸಿಡಿ, 5 ವೋಲ್ಟ್ ರಿಲೇ (ಲಾಕಿಗೆ ಕರೆಂಟ್ ಬಿಡುವ ಸ್ವಿಚ್), 12 ವೋಲ್ಟ್ ಸೊಲೆನಾಯ್ಡ್ ಲಾಕ್ (ಕಾಯಿಲಿಗೆ ಕರೆಂಟ್ ಕೊಟ್ಟರೆ ತೆರೆಯುವ ಬಗೆ), 12 ವೋಲ್ಟ್ 2 ಆಂಪ್ ಅಡಾಪ್ಟರ್ (ನೇರ ನ್ಯಾನೋಗೆ ವಿದ್ಯುತ್ ಕೊಡುವ ವಿನ್ ಪಿನ್ನಿಗೆ). 6 ಗಂಟೆಗೆ ಲಾಕ್ ಟಕ್ ಎನ್ನುತ್ತದೆ, ಪರದೆ ಆರಿ ಹತ್ತುತ್ತದೆ, ಆಮೇಲೆ ನ್ಯಾನೋಗೆ ಕೋಡ್ (ಪ್ರೋಗ್ರಾಂ) ಹಾಕಿದ ದಿನದ ಸಮಯವನ್ನೇ ತೋರಿಸುತ್ತದೆ. ಸೆಲ್ ಹೊಸದು.

ಉತ್ತರ – ಪುಣೆ
ಸೆಲ್ ಸರಿ ಇದೆ ಸರ್. ಎರಡು ಬೇರೆ ಬೇರೆ ತಪ್ಪು ಒಟ್ಟಿಗೆ ಕಾಣಿಸುತ್ತಿವೆ.

ಪರದೆ ಆರಿ ಹತ್ತುವುದೆಂದರೆ ನ್ಯಾನೋ ರೀಸೆಟ್ ಆಗುತ್ತಿದೆ, ಅಂದರೆ ಮತ್ತೆ ಮೊದಲಿನಿಂದ ಶುರುವಾಗುತ್ತಿದೆ. ಸೊಲೆನಾಯ್ಡ್ ಕಾಯಿಲಿಗೆ ಕರೆಂಟ್ ನಿಂತ ಕ್ಷಣ ಅದು ಹಿಮ್ಮುಖ ವೋಲ್ಟೇಜ್ ಎಸೆಯುತ್ತದೆ. ಕಾಯಿಲಿನ ಎರಡು ತುದಿಗೆ 1ಎನ್4007 ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಬೆಸುಗೆ ಹಾಕಿ, ಬಿಳಿ ಪಟ್ಟಿ 12 ವೋಲ್ಟ್ ಕಡೆಗೆ. ತಿರುಗಿಸಿ ಹಾಕಿದರೆ ನೇರ ಶಾರ್ಟ್. ರಿಲೇ ಮಾಡ್ಯೂಲಿನಲ್ಲಿರುವ ಡಯೋಡ್ ರಿಲೇಯ ಕಾಯಿಲಿಗೆ ಮಾತ್ರ, ಲಾಕಿಗಲ್ಲ. ಬಹಳ ಜನ ಎಡವುವುದು ಇಲ್ಲೇ. 12 ವೋಲ್ಟ್ ಲೈನಿಗೆ 1000 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್ ಸೇರಿಸಿ. ವಿನ್ ಬಿಟ್ಟು ಎಲ್‌ಎಂ2596 ಬಕ್ (ವೋಲ್ಟೇಜ್ ಇಳಿಸುವ) ಬೋರ್ಡಿನಿಂದ 5 ವೋಲ್ಟ್ ಮಾಡಿ 5ವಿ ಪಿನ್ನಿಗೆ ಕೊಡಿ. ಜೋಡಿಸುವ ಮೊದಲೇ ಮೀಟರ್ ಹಿಡಿದು 5 ವೋಲ್ಟಿಗೆ ತಿರುಗಿಸಿಕೊಳ್ಳಿ.

ಸಮಯ ಹಿಂದಕ್ಕೆ ಹೋಗುವುದಕ್ಕೆ ಕಾರಣ ನಿಮ್ಮ ಕೋಡಿನ ಆರಂಭದ ಭಾಗವಾದ ಸೆಟಪ್‌ನಲ್ಲಿರುವ ಅಡ್ಜಸ್ಟ್ (ಗಡಿಯಾರಕ್ಕೆ ಸಮಯ ಹಾಕುವ) ಸಾಲು. ಪ್ರತಿ ರೀಸೆಟ್ಟಿಗೂ ಕಂಪೈಲ್ ಆದ (ಕೋಡ್ ತಯಾರಾದ) ಹೊತ್ತನ್ನೇ ಗಡಿಯಾರಕ್ಕೆ ಬರೆಯುತ್ತದೆ. ಅದನ್ನು ‘ಲಾಸ್ಟ್‌ಪವರ್’ (lostPower, ಗಡಿಯಾರಕ್ಕೆ ವಿದ್ಯುತ್ ತಪ್ಪಿ ಅದು ನಿಂತಿತ್ತೇ ಎಂದು ಹೇಳುವ ಫಂಕ್ಷನ್) ನಿಜವಾದಾಗ ಮಾತ್ರ ನಡೆಯುವಂತೆ ಇಫ್ ಒಳಗೆ ಹಾಕಿ. ಈಗಾಗಲೇ ತಪ್ಪಿರುವ ಸಮಯವನ್ನು ಅದಕ್ಕೂ ಮೊದಲು ಒಮ್ಮೆ ಸರಿಪಡಿಸಿಕೊಳ್ಳಿ.

ಉತ್ತರ – ಮಾಟುಂಗಾ
ಡಯೋಡ್ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ‘6 ಗಂಟೆಯಾದರೆ ತೆರೆ’ ಎಂಬ ತರ್ಕವನ್ನೇ ಬದಲಿಸಿ. ಗಂಟೆ 6 ಎಂದಷ್ಟೇ ನೋಡಿದರೆ ಕಾಯಿಲ್ ಇಡೀ ಗಂಟೆ ಉರಿದು ಸುಟ್ಟುಹೋಗುತ್ತದೆ. ಸರಿಯಾಗಿ 6:00 ಮಾತ್ರ ನೋಡಿದರೆ, ಆಗ ಕರೆಂಟ್ ಇಲ್ಲದಿದ್ದರೆ ಆ ದಿನ ಪೆಟ್ಟಿಗೆ ತೆರೆಯುವುದೇ ಇಲ್ಲ. ಹೊರಗೊಂದು ಪುಶ್ ಬಟನ್ ಇಡಿ. ಒತ್ತಿದಾಗ ಗಂಟೆ 6 ಅಥವಾ ಹೆಚ್ಚು, *ಮತ್ತು* 22ಕ್ಕಿಂತ ಕಡಿಮೆ ಇದ್ದರೆ ಲಾಕಿಗೆ 3 ಸೆಕೆಂಡ್ ಕರೆಂಟ್, ಅಷ್ಟೇ. ಮುಚ್ಚಿರುವ ಅವಧಿಯನ್ನು ಪರೀಕ್ಷಿಸುವುದಾದರೆ ಮಧ್ಯರಾತ್ರಿ ದಾಟುವುದರಿಂದ ‘ಮತ್ತು’ ಬದಲು ‘ಅಥವಾ’ ಬೇಕು.

ಗಡಿಯಾರ ಮಾಡ್ಯೂಲಿನಲ್ಲಿರುವುದು ಸಿಆರ್2032 ಸೆಲ್ಲಾ? ಅದು ಚಾರ್ಜ್ ಮಾಡುವ ಸೆಲ್ ಅಲ್ಲ. ಅಗ್ಗದ ನೀಲಿ ಬೋರ್ಡುಗಳಲ್ಲಿ ಚಾರ್ಜಿಂಗ್ ದಾರಿ ಇರುತ್ತದೆ. 201 ಎಂದು ಅಚ್ಚಾದ ಪುಟ್ಟ ರೆಸಿಸ್ಟರ್ ಕಿತ್ತುಬಿಡಿ. ಇಲ್ಲದಿದ್ದರೆ ಸೆಲ್ ಉಬ್ಬುತ್ತದೆ.

ಪ್ರಶ್ನೆ ಕೇಳಿದವರು
ರಿಲೇ ಬದಲು ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಹಾಕಬಹುದೇ? ನಾಳೆ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗುವುದಿದೆ.

ಉತ್ತರ – ಪುಣೆ
ಹಾಕಿ. ಐಆರ್‌ಎಲ್‌ಝಡ್44ಎನ್ ಎಂದೇ ಕೇಳಿ. ಐಆರ್‌ಎಫ್‌ಝಡ್44ಎನ್ ಕೊಟ್ಟರೆ ಬೇಡ. ಅದು ಗೇಟಿಗೆ (ನಿಯಂತ್ರಿಸುವ ಪಿನ್ನಿಗೆ) 5 ವೋಲ್ಟ್ ಕೊಟ್ಟರೆ ಪೂರ್ತಿ ತೆರೆದುಕೊಳ್ಳುವುದಿಲ್ಲ, ಬಿಸಿಯಾಗುತ್ತದೆ. ಗೇಟಿಗೆ 220 ಓಮ್ ರೆಸಿಸ್ಟರ್, ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್. ಈ 10 ಕಿಲೋ ಇಲ್ಲದಿದ್ದರೆ ನ್ಯಾನೋ ಶುರುವಾಗುವ ಹೊತ್ತಿನಲ್ಲಿ ಲಾಕ್ ತಾನಾಗಿಯೇ ತೆರೆಯಬಹುದು. ಡಯೋಡ್ ಆಗಲೂ ಬೇಕೇ ಬೇಕು.

ಉತ್ತರ – ಮಾಟುಂಗಾ
ಜಂಪರ್ ತಂತಿಯಲ್ಲೇ ಬಿಡಬೇಡಿ, ನಮ್ಮ ಮಳೆಗಾಲಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಎಲ್ಲವನ್ನೂ ಬೆಸೆಯಿರಿ. ಈ ಲಾಕ್ ಕರೆಂಟ್ ಹೋದರೆ ಮುಚ್ಚಿಯೇ ಇರುತ್ತದೆ, ಆದ್ದರಿಂದ ಮುಚ್ಚಳದ ಕೀಲಿನ (ಹಿಂಜ್) ಸ್ಕ್ರೂಗಳು ಹೊರಗಿನಿಂದ ಬಿಚ್ಚುವಂತಿರಲಿ. ಇದೇ ಸರ್ಕ್ಯೂಟನ್ನು ಜನ ಓಡಾಡುವ ಬಾಗಿಲಿಗೆ ಮಾತ್ರ ಹಾಕಬೇಡಿ. ಬೆಂಕಿ ಬಿದ್ದರೆ ಒಳಗಿದ್ದವರು ಸಿಕ್ಕಿಹಾಕಿಕೊಳ್ಳುತ್ತಾರೆ.